ಹೋಗು ಅಂದವಳು ನಾನಲ್ಲ

ಇಸ್ತ್ರಿಯಕ್ಕನ ಮುಖ ಗೋಡೆಗೆ ಬಂದಿದೆ ಅನ್ನುವ ಸುದ್ದಿ ತಂದವಳು ಲಾಂಡ್ರಿಯಲ್ಲಿ ಪಕ್ಕದ ಮೇಜಿನಲ್ಲಿ ಕಾಲರು ತಿಕ್ಕುವ ಹೆಂಗಸು. ಬೆಳಿಗ್ಗೆ ಕೆಲಸಕ್ಕೆ ಬರುವಾಗ ಟ್ರಾಮ್ ಶೆಡ್ಡಿನ ಹತ್ತಿರ ನೋಡಿದಳಂತೆ. ಏಪ್ರನ್ನಿನ ಲಾಡಿ ಕಟ್ಟಿಕೊಳ್ಳುವುದನ್ನೂ ಮರೆತು ನೇರ ಇಸ್ತ್ರಿಯಕ್ಕನ ಹತ್ತಿರ ಬಂದಳು.

"ಅಕ್ಕಾ, ನೀನು ಒಂದು ಮಾತೂ ಹೇಳಲಿಲ್ಲವಲ್ಲ."

"ಏನು ಹೇಳಲಿಲ್ಲ?"

"ಚಿತ್ರ ಬರೆಸಿಕೊಂಡಿದ್ದು. ಈ ಬಾಗಿಲಿನಷ್ಟು ದೊಡ್ಡದಿದೆ. ನೋಡಿ ನನಗೆ ಕಣ್ಣಲ್ಲಿ ನೀರೇ ಬಂತು."

ಇಸ್ತ್ರಿಯಕ್ಕ ನಕ್ಕಳು. ತನ್ನ ಮುಖ ಯಾರು ಬರೆಯುತ್ತಾರೆ? ಬಾಯ್ಲರಿನ ಹಬೆಗೆ ಬೆಂದು ಬೆಂದು ಕೆಂಪಗೆ ಊದಿಕೊಂಡ ಮುಖ ಅದು. ಬೇರೆ ಯಾರನ್ನೋ ನೋಡಿರಬೇಕು ಅಂದುಕೊಂಡು ಕೆಲಸಕ್ಕೆ ತಿರುಗಿದಳು. ಆದರೆ ಹೊತ್ತೇರುತ್ತಾ ಮತ್ತೊಬ್ಬಳು ಬಂದು ಅದನ್ನೇ ಹೇಳಿದಳು, ಆಮೇಲೆ ಮಾಲೀಕನೇ ತನ್ನ ಗಾಜಿನ ಕೋಣೆಯಿಂದ ಇಳಿದು ಬಂದು, "ನಮ್ಮ ಲಾಂಡ್ರಿಗೆ ಮರ್ಯಾದೆ ತಂದೆಯಮ್ಮ," ಅಂದು ಎಲ್ಲರೆದುರು ಕೈ ಮುಗಿದ. ಆ ಮನುಷ್ಯ ಅಲ್ಲಿಯವರೆಗೆ ಅವಳ ಮುಖ ನೋಡಿ ಮಾತಾಡಿದ್ದೇ ಇಲ್ಲ.

ಮಧ್ಯಾಹ್ನ ಊಟದ ಗಂಟೆ ಹೊಡೆದದ್ದೇ ತಡ, ಬ್ರೆಡ್ಡಿನ ಪೊಟ್ಟಣವನ್ನು ಮೇಜಿನ ಮೇಲೇ ಬಿಟ್ಟು ಟ್ರಾಮ್ ಶೆಡ್ಡಿಗೆ ಹೋದಳು.

ಇತ್ತು. ಅವಳದೇ. ಕೂದಲು ಬಾಚಿದ್ದರು, ಕೆನ್ನೆಯ ಉಬ್ಬು ಇಳಿಸಿದ್ದರು, ಹತ್ತು ವರ್ಷ ಕಡಿಮೆ ಮಾಡಿದ್ದರು, ಹಾಲಿನಂಥ ಬಿಳಿ ಬಟ್ಟೆ ಉಡಿಸಿದ್ದರು. ಆದರೆ ಬಲಗೈಯನ್ನು ಉದ್ದಕ್ಕೆ ಚಾಚಿ ನಿಂತ ಆ ನಿಲುವು ಅವಳದು. ಆ ಕೈಯ ಸೊಟ್ಟ ಕಿರುಬೆರಳಂತೂ ಅವಳದೇ. ಬಹಳ ಹಿಂದೆ ಬಟ್ಟೆ ಹಿಂಡುವ ರೋಲರಿಗೆ ಸಿಕ್ಕಿ ಮುರಿದು, ಹಾಗೇ ಕೂಡಿಕೊಂಡ ಬೆರಳು. ಬೀದಿಯಲ್ಲಿ ಆ ಬೆರಳನ್ನು ಗುರುತಿಸದವರಿರಲಿಲ್ಲ. ಕೈ ತೋರಿಸಿದ ದಿಕ್ಕಿಗೆ ಒಬ್ಬ ಹುಡುಗ ಹೊರಟಿದ್ದ. ಎತ್ತರದ ಆಳು, ಕೆಂಪು ಕೆನ್ನೆ, ಕನ್ನಡಿಯ ಹಾಗೆ ಹೊಳೆಯುವ ಬೂಟು. ಅವನ ಮುಂದೆ ಒಂದು ಹಸಿರು ಬೆಟ್ಟ, ಬೆಟ್ಟದ ಮೇಲೆ ಆಗಷ್ಟೇ ಹುಟ್ಟಿದ ಸೂರ್ಯ. ಹೊಗೆ ಇಲ್ಲ, ಗುಂಡಿ ಇಲ್ಲ, ಎದುರಿಗೆ ಕೋವಿ ಹಿಡಿದ ಇನ್ನೊಬ್ಬನೂ ಇಲ್ಲ. ಹುಡುಗ ಬೆಟ್ಟದಾಚೆ ಯಾರದೋ ಮದುವೆಗೆ ಹೊರಟವನ ಹಾಗಿದ್ದ.

ಅವಳ ಬಾಯಿ ಮುಚ್ಚಿತ್ತು. ತುಟಿಯ ಕೊನೆಯಲ್ಲಿ ಸಣ್ಣ ನಗೆ. ಕೆಳಗೆ ಕೆಂಪಕ್ಷರದಲ್ಲಿ ಬರೆದಿತ್ತು: ಹೋಗು ಮಗನೇ, ನಾನು ಅಳುವುದಿಲ್ಲ.

ಇಸ್ತ್ರಿಯಕ್ಕ ಶೆಡ್ಡಿನ ಕಂಬಿ ಹಿಡಿದುಕೊಂಡಳು. ಯಾಕೆಂದರೆ ಆ ಕೈ ಯಾವತ್ತಿನದು ಎಂದು ಅವಳಿಗೆ ಗೊತ್ತಿತ್ತು.

ಹಿಂದಿನ ತಿಂಗಳ ಮಾತು. ಅವಳಿಗಿದ್ದವನು ಒಬ್ಬನೇ ಮಗ, ಸೈಕಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಗಿಡ್ಡ ಆಳು, ಜಗ್ಗಿನ ಹಿಡಿಯಂಥ ಕಿವಿಗಳು. ಅಪ್ಪ ಕೆಮ್ಮಿ ಕೆಮ್ಮಿ ತೀರಿಕೊಂಡ ಮೇಲೆ ತಾಯಿ ಮಗ ಇಬ್ಬರೇ ಒಂದು ಕೋಣೆಯಲ್ಲಿ ಜಗಳವಾಡಿಕೊಂಡು ಸುಖವಾಗಿದ್ದರು. ಯುದ್ಧ ಶುರುವಾದ ದಿನವೇ ಅವಳು ಹೇಳಿದ್ದಳು, "ಆ ಕಡೆ ತಲೆ ಹಾಕಿದರೆ ಕಾಲು ಮುರೀತೀನಿ." ಅವನು ಹೂಂ ಅಂದಿದ್ದ. ಹೂಂ ಅಂದವನೇ ಸೈನ್ಯದ ಭರ್ತಿ ಕಚೇರಿಗೆ ಹೋಗಿ ಸಹಿ ಹಾಕಿ ಬಂದಿದ್ದ. ರೈಲು ಹೊರಡುವ ಬೆಳಿಗ್ಗೆ ಸೈಕಲ್ ಅಂಗಡಿಯವನು ಲಾಂಡ್ರಿಗೆ ಬಂದು, "ಅಕ್ಕಾ, ನಿನಗೆ ಗೊತ್ತಿದೆ ಅಂದುಕೊಂಡಿದ್ದೆ," ಅಂತ ತಲೆ ತಗ್ಗಿಸಿ ಹೇಳಿದ.

ಅವಳು ಕಾದ ಇಸ್ತ್ರಿಪೆಟ್ಟಿಗೆಯನ್ನು ಯಾರದೋ ಅಂಗಿಯ ಮೇಲೆ ಬಿಟ್ಟು ಓಡಿದಳು. ಒದ್ದೆ ಏಪ್ರನ್ನು, ಬಿಚ್ಚಿದ ಕೂದಲು. ಸ್ಟೇಷನ್ನಿನಲ್ಲಿ ಬ್ಯಾಂಡು, ಬಾವುಟ, ಹಾಡು. ರೈಲು ಆಗಲೇ ಕದಲುತ್ತಿತ್ತು. ಯಾವ ಡಬ್ಬಿಯಲ್ಲಿದ್ದಾನೋ ಕಾಣಲಿಲ್ಲ. ಕೈಯನ್ನು ಚಾಚಿ, ಹೊಟ್ಟೆಯಾಳದಿಂದ ಕೂಗಿದಳು: "ಇಳಿಯೋ. ಇಳಿ ಕೆಳಗೆ. ಇಳೀ." ಬಾಯ್ಲರುಗಳ ಸದ್ದಿನ ನಡುವೆ ಬದುಕಿದವಳು. ಮೆತ್ತಗೆ ಮಾತಾಡಿದರೂ ಎರಡು ಬೀದಿಗೆ ಕೇಳುವ ಗಂಟಲು. ಆ ದಿನ ಮಾತ್ರ ಯಾರಿಗೂ ಕೇಳಲಿಲ್ಲ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಒಬ್ಬ ಸ್ಟೂಲಿನ ಮೇಲೆ ನಿಂತು ಕ್ಯಾಮೆರಾ ಹಿಡಿದಿದ್ದು ಅವಳ ಕಣ್ಣಿಗೆ ಬಿದ್ದಿತ್ತು. ಆಗ ಅವಳಿಗೆ ಅದು ಯಾವ ಲೆಕ್ಕ?

ಈಗ ಶೆಡ್ಡಿನ ಮುಂದೆ ನಿಂತು ಅವಳಿಗೆ ಎಲ್ಲ ಹೊಳೆಯಿತು. ಕೈಯನ್ನು ಹಾಗೇ ಇಟ್ಟುಕೊಂಡು ಬಾಯಿಯನ್ನು ಮುಚ್ಚಿದ್ದರು. ಕರೆದ ಕೈಯನ್ನು ಕಳಿಸಿದ ಕೈ ಮಾಡಿದ್ದರು. ಬೆರಳಿನ ಸೊಟ್ಟನ್ನು ಕೂಡ ಬಿಡದೆ ಬರೆಯುವಷ್ಟು ನಿಯತ್ತಿದ್ದವನಿಗೆ ಬಾಯಿಯ ವಿಷಯದಲ್ಲಿ ಮಾತ್ರ ನಿಯತ್ತು ಇರಲಿಲ್ಲ.

ಅವಳ ಪಕ್ಕದಲ್ಲಿ ನಿಂತ ಮುದುಕನೊಬ್ಬ ಪೋಸ್ಟರನ್ನೂ ಅವಳನ್ನೂ ಸರದಿಯಲ್ಲಿ ನೋಡಿ ಟೋಪಿ ತೆಗೆದ. ಅವನ ಟೋಪಿ ಕಿತ್ತು ಟ್ರಾಮಿನ ಹಳಿಗೆ ಎಸೆಯಬೇಕು ಅನ್ನಿಸಿತು ಅವಳಿಗೆ.

*

ಪೋಸ್ಟರು ಊರೆಲ್ಲ ಹರಡಿತು. ಬ್ಯಾಂಕಿನ ಮೂಲೆ, ಶಾಲೆಯ ಗೇಟು, ಬೇಕರಿಯ ಕಿಟಕಿ, ಸಾರ್ವಜನಿಕ ಕಕ್ಕಸ್ಸಿನ ಗೋಡೆ, ಎಲ್ಲಿ ನೋಡಿದರೂ ಅವಳು ಕೈ ಚಾಚಿ ನಗುತ್ತಿದ್ದಳು. ಅಂಗಡಿಯವರು ಅವಳಿಗೆ ದಾರಿ ಬಿಟ್ಟರು. ನಾನು ಹೋಗು ಅನ್ನಲಿಲ್ಲ ಅಂತ ಅವಳು ಹೇಳಿದರೆ, "ದೊಡ್ಡವರು ಹಾಗೇ, ತಮ್ಮ ತ್ಯಾಗವನ್ನ ತಾವು ಹೇಳ್ಕೊಳಲ್ಲ," ಅಂದರು. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಎದುರು ಮನೆಯ ಹಾಲಿನವಳಿಗೂ ಒಬ್ಬ ಮಗನಿದ್ದ. ಗಾಳಿ ಬಂದರೆ ಹಾರಿಹೋಗುವ ಹಾಗಿದ್ದದ್ದರಿಂದ ಎಲ್ಲರೂ ಅವನನ್ನು ಕಡ್ಡಿ ಅಂತಲೇ ಕರೆಯುತ್ತಿದ್ದರು. ಒಂದು ಸಂಜೆ ಕಡ್ಡಿ ಇಸ್ತ್ರಿಯಕ್ಕನ ಬಾಗಿಲಿಗೆ ಬಂದು ನಿಂತ.

"ದೊಡ್ಡಮ್ಮ, ನಾನೂ ಸೇರಿದೆ. ನಾಳೆ ಹೊರಡ್ತೀನಿ."

"ಯಾರು ಹೇಳಿದ್ರು ನಿನಗೆ ಸೇರು ಅಂತ?"

ಅವನು ನಾಚಿಕೊಂಡು ನಕ್ಕ. "ನೀವೇ. ಬೇಕರಿಗೆ ಹೋಗೋವಾಗೆಲ್ಲ ನೀವು ನನಗೇ ಹೇಳ್ತಿದ್ದೀರಿ ಅನ್ನಿಸ್ತಿತ್ತು. ನೀವು ನಿಮ್ಮ ಮಗನ್ನೇ ಕಳಿಸಿದ್ದೀರಲ್ಲ. ನಾನು ಮನೇಲಿ ಹಾಲು ಅಳೀತಾ ಕೂತ್ಕೊಳ್ಳಲಾ?"

ಅವಳು ಅವನ ತೋಳು ಹಿಡಿದು ಒಳಗೆ ಎಳೆದು ಕೂರಿಸಿ ಎಲ್ಲ ಹೇಳಿದಳು. ಬೈದಳು, ಬೇಡಿಕೊಂಡಳು. ಅವನು ತಲೆಯಾಡಿಸುತ್ತಾ ಕೇಳಿದ. ಎಲ್ಲ ಕೇಳಿ, "ಪರವಾಗಿಲ್ಲ ದೊಡ್ಡಮ್ಮ, ಧೈರ್ಯವಾಗಿರಿ," ಅಂದು ಎದ್ದು ಹೋದ. ಮಗನ ನೆನಪಿನಲ್ಲಿ ತಲೆ ಕೆಟ್ಟಿದೆ ಅಂದುಕೊಂಡಿರಬೇಕು.

ಕಡ್ಡಿ ಹೋದ ಮರುದಿನ ಹಾಲಿನವಳು ಬಂದಳು. ಹಾಲಿನ ಕ್ಯಾನನ್ನು ಹೊಸ್ತಿಲ ಮೇಲೆ ಕುಕ್ಕಿದಳು. ಇಬ್ಬರೂ ಹದಿನೈದು ವರ್ಷ ಎದುರು ಬದುರು ಬಾಳಿದವರು, ಒಬ್ಬಳ ಒಲೆ ಕೆಟ್ಟರೆ ಇನ್ನೊಬ್ಬಳ ಒಲೆಯಲ್ಲಿ ಬೇಯಿಸಿಕೊಂಡವರು.

"ನಿನ್ನ ಮಗನ್ನ ಬೆಂಕಿಗೆ ಹಾಕು, ಬಾವಿಗೆ ಹಾಕು, ಅದು ನಿನ್ನ ಇಷ್ಟ. ನನ್ನ ಮಗನಿಗೆ ಹೇಳೋದಕ್ಕೆ ನೀನು ಯಾರೇ?"

"ನಾನು ಹೇಳಲಿಲ್ಲ ಕಣೇ. ನಾನು ಕೂಗಿದ್ದು ಇಳಿ ಅಂತ."

"ಇಳಿ ಅನ್ನೋಳು ಹಲ್ಲು ಕಿರೀತಾ ನಿಂತಿರ್ತಾಳಾ?"

"ಅದು ಅವರು ಬರೆದದ್ದು."

"ಬೆರಳೂ ಅವರೇ ಮುರಿದ್ರಾ?" ಹಾಲಿನವಳ ಕಣ್ಣಲ್ಲಿ ನೀರಿರಲಿಲ್ಲ, ಬರೀ ಕೆಂಡ. "ಎಷ್ಟು ಕೊಟ್ಟರು ನಿನಗೆ? ಇನ್ನು ನನ್ನ ಮನೆ ಕಡೆ ತಲೆ ಹಾಕಿಯೂ ಮಲಗಬೇಡ."

ಅವತ್ತಿನಿಂದ ಇಸ್ತ್ರಿಯಕ್ಕನ ಮನೆಗೆ ಹಾಲು ನಿಂತಿತು. ಕರಿ ಚಹಾ ಕುಡಿಯುವಾಗಲೆಲ್ಲ ಅವಳಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಹಾಲಿನವಳ ಮೇಲಲ್ಲ. ಆ ಬಾಯಿ ಮುಚ್ಚಿದವನ ಮೇಲೆ.

ಲಾಂಡ್ರಿಯಲ್ಲಿ ಆಗ ಸೈನ್ಯದ ಬಟ್ಟೆಯೇ ಹೆಚ್ಚು. ಆಸ್ಪತ್ರೆಗಳಿಂದ ಮೂಟೆ ಮೂಟೆ ಸಮವಸ್ತ್ರ ಬರುತ್ತಿತ್ತು. ಮೊದಲು ತಣ್ಣೀರಲ್ಲಿ ಉಪ್ಪು ಹಾಕಿ ನೆನೆಸಬೇಕು. ಬಿಸಿನೀರು ಹಾಕಿದರೆ ರಕ್ತ ಬಟ್ಟೆಗೇ ಕಚ್ಚಿಕೊಳ್ಳುತ್ತದೆ. ತೊಟ್ಟಿಯ ನೀರು ಬೆಳಿಗ್ಗೆ ಕೆಂಪು, ಮಧ್ಯಾಹ್ನ ಕಂದು. ಆಮೇಲೆ ತೂತುಗಳಿಗೆ ತೇಪೆ ಹಾಕಿ, ಇಸ್ತ್ರಿ ಮಾಡಿ, ಮಡಿಸಿ ಕಳಿಸಿದರೆ ಹೊಸದಾಗಿ ಸೇರಿದ ಹುಡುಗರಿಗೆ ಅದೇ ಬಟ್ಟೆ. ಎದೆಯ ಮೇಲೆ ತೇಪೆ ಇದ್ದ ಒಂದು ಕೋಟನ್ನು ಮಡಿಸುತ್ತಾ ಇಸ್ತ್ರಿಯಕ್ಕ, ಇದು ಕಡ್ಡಿಗೆ ಸರಿಹೋಗುವ ಅಳತೆ ಅಂದುಕೊಂಡಳು. ಅಂದುಕೊಂಡವಳೇ ಏಪ್ರನ್ ಬಿಚ್ಚಿ ಭರ್ತಿ ಕಚೇರಿಗೆ ನಡೆದಳು.

*

ಕಚೇರಿಯ ಸಾಹೇಬ ಅವಳನ್ನು ನೋಡಿದ ಕೂಡಲೇ ಎದ್ದು ನಿಂತು ಕುರ್ಚಿ ಎಳೆದು ಕೊಟ್ಟ. ಚಹಾ ತರಿಸಿದ. ಒಳ್ಳೆಯ ಮಾತಿನ ಮನುಷ್ಯ. ಕಿಟಕಿಯ ಹತ್ತಿರ ಇನ್ನೊಬ್ಬ ಕೂತಿದ್ದ, ತೆಳ್ಳಗೆ, ಉಗುರಲ್ಲಿ ಬಣ್ಣ. "ಇವರೇ ನಿಮ್ಮನ್ನು ಬರೆದವರು," ಎಂದ ಸಾಹೇಬ, ಸಂಬಂಧ ಕುದುರಿಸುವವನ ಹಾಗೆ.

ಅವಳು ಚಹಾ ಮುಟ್ಟಲಿಲ್ಲ. "ಅದನ್ನ ಕೀಳಿಸಿ," ಅಂದಳು.

"ಏನಮ್ಮ?"

"ನಾನು ಹೋಗು ಅನ್ನಲಿಲ್ಲ. ಇಳಿ ಅಂದೆ. ಈ ಮಹಾನುಭಾವರ ಹತ್ತಿರ ಫೋಟೋ ಇರ್ಬೇಕಲ್ಲ, ನನ್ನ ಬಾಯಿ ಹೇಗಿತ್ತು ಅಂತ ಕೇಳಿ."

ಚಿತ್ರಗಾರ ಕೆಮ್ಮಿದ. "ಬಾಯಿ ತೆರೆದಿತ್ತು, ನಿಜ," ಅಂದ. ಸುಳ್ಳು ಹೇಳುವ ಗೋಜಿಗೂ ಹೋಗಲಿಲ್ಲ. "ಆದರೆ ಅಮ್ಮಾ, ಕೂಗ್ತಾ ಇರೋ ಬಾಯಿ ಪೋಸ್ಟರಿನಲ್ಲಿ ಕೂರಲ್ಲ. ನೋಡಿದವರು ಹೆದರ್ತಾರೆ. ಬಾಯಿ ಮುಚ್ಚಿದ ಕೂಡಲೇ ನಿಮ್ಮ ಮುಖಕ್ಕೆ ಎಂಥ ಕಳೆ ಬಂತು ಅಂತೀರಿ."

"ನೀವು ಯುದ್ಧ ನೋಡಿದ್ದೀರಾ?"

"ನನಗೆ ಉಬ್ಬಸ. ತೆಗೆದುಕೊಳ್ಳಲಿಲ್ಲ."

"ಹಾಗಾದ್ರೆ ಆ ಬೆಟ್ಟ ಎಲ್ಲಿಂದ ಬಂತು?"

"ಬೆಟ್ಟ..." ಅವನು ಸಾಹೇಬನ ಮುಖ ನೋಡಿದ. "ಬೆಟ್ಟ ಇದ್ದರೆ ಚಿತ್ರಕ್ಕೆ ಆಳ ಬರುತ್ತೆ."

"ನಮ್ಮ ಲಾಂಡ್ರಿಗೆ ಬನ್ನಿ. ತೊಟ್ಟಿ ತೋರಿಸ್ತೀನಿ. ಅದರ ಆಳ ನೋಡುವಿರಂತೆ." ಅವಳ ದನಿ ಏರಿತು, ಹೊರಗೆ ಸಾಲಲ್ಲಿ ನಿಂತಿದ್ದ ಹುಡುಗರು ಇಣುಕಿದರು. "ಒಂದು ಪ್ಯಾಂಟು ಬಂದಿತ್ತು ಮೊನ್ನೆ. ಒಂದು ಕಾಲು ಮಂಡಿಯಿಂದ ಕೆಳಗೆ ಇರಲಿಲ್ಲ. ಕತ್ತರಿಸಿದ್ದಲ್ಲ, ಹರಿದದ್ದು. ಅದನ್ನ ಬರೀರಿ. ಅದರ ಪಕ್ಕದಲ್ಲಿ ನಾನು ನಗ್ತಾ ನಿಂತಿರೋ ಹಾಗೆ ಬರೀರಿ, ನೋಡೋಣ."

ಸಾಹೇಬ ಎದ್ದು ಬಾಗಿಲು ಮುಚ್ಚಿ ಬಂದ. ಅವನ ಮಾತಿನ ಬೆಣ್ಣೆ ಕರಗಲೇ ಇಲ್ಲ. ತಾಯಿಯ ಸಂಕಟ ತನಗೆ ಅರ್ಥವಾಗುತ್ತದೆ ಅಂದ. ಮುದ್ರಣವಾದದ್ದು ಸರ್ಕಾರದ್ದು, ಕೀಳಿಸುವುದು ತನ್ನ ಕೈಲಿಲ್ಲ ಅಂದ. ನಂತರ, "ಭಾನುವಾರ ಮೈದಾನದಲ್ಲಿ ಸಭೆ ಇದೆ. ವೇದಿಕೆ ಮೇಲೆ ಬನ್ನಿ. ಜನ ನಿಮ್ಮನ್ನ ನೋಡಬೇಕು ಅಂತಿದ್ದಾರೆ," ಅಂದ.

"ಮಾತಾಡೋದಕ್ಕೆ ಬಿಡ್ತೀರಾ?"

ಅವನು ಒಂದು ಕ್ಷಣ ಯೋಚಿಸಿ, "ಬಿಡದೇ ಏನು," ಅಂದ.

ಅವಳು ಒಪ್ಪಿಕೊಂಡಳು. ಒಂದು ಊರು ಕಿವಿಗೊಟ್ಟು ನಿಂತರೆ ತನ್ನ ಗಂಟಲು ಸಾಕು ಅಂದುಕೊಂಡಳು.

*

ಭಾನುವಾರ ಮೈದಾನದಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ವೇದಿಕೆಯ ಹಿಂದೆ ಅವಳದೇ ಚಿತ್ರ, ಎರಡು ಆಳೆತ್ತರ. ಮುಂದೆ ಒಂದು ಉದ್ದ ಮೇಜು, ಅಲ್ಲೇ ಸಹಿ, ಅಲ್ಲೇ ಭರ್ತಿ. ಬಲಗಡೆ ಬ್ಯಾಂಡಿನವರು. ಸಾಹೇಬ ಒಂದು ಬಿಳಿ ಬಟ್ಟೆ ಕಳಿಸಿಕೊಟ್ಟಿದ್ದ. ಅವಳು ಅದನ್ನು ಉಡದೆ ಲಾಂಡ್ರಿಯ ಬಟ್ಟೆಯಲ್ಲೇ ಬಂದಿದ್ದಳು. ಅದನ್ನೂ ಜನ ಮೆಚ್ಚಿಕೊಂಡರು.

ಅವಳು ಮುಂದೆ ಬಂದು, "ನಾನು ಹೋಗು ಅನ್ನಲಿಲ್ಲ," ಎಂದಳು. ಬಾಯಿ ತೆರೆಯುವ ಮೊದಲೇ ಚಪ್ಪಾಳೆ ಶುರುವಾಗಿತ್ತು. ಮಾತು ಅದರಲ್ಲಿ ಮುಳುಗಿತು. ಚಪ್ಪಾಳೆ ನಿಲ್ಲಲೆಂದು ಕಾದಳು. ನಿಂತಿತು. "ನನ್ನ ಮಗ ರೈಲಿನಲ್ಲಿದ್ದ," ಅಂದಳು. ಜನ ನಿಶ್ಶಬ್ದವಾಗಿ ಕೇಳಿದರು. "ನಾನು ಅವನ್ನ ಹುಡುಕ್ತಾ ಹೀಗೆ ಕೈ ಮಾಡಿ..." ಎನ್ನುತ್ತಾ, ತೋರಿಸಲೆಂದು ಬಲಗೈ ಚಾಚಿದಳು.

ಬ್ಯಾಂಡು ಹೊಡೆಯತೊಡಗಿತು. ಅವಳು ಕೈ ಎತ್ತಿದ ತಕ್ಷಣ ಶುರು ಮಾಡಿ ಎಂದು ಬ್ಯಾಂಡಿನವರಿಗೆ ಸಾಹೇಬ ಮೊದಲೇ ಹೇಳಿಟ್ಟಿದ್ದ. ಅವಳು ಏನೇ ಮಾತಾಡಿದರೂ ಒಂದಲ್ಲ ಒಂದು ಹೊತ್ತಿಗೆ ಆ ಕೈ ಎತ್ತೇ ಎತ್ತುತ್ತಾಳೆ ಎಂಬುದು ಅವನಿಗೆ ಗೊತ್ತಿತ್ತು. ಡೋಲು, ಕಹಳೆ, ಜನರ ಕೇಕೆ. ಅವಳು "ಇಳಿ, ಇಳಿ ಅಂದೆ" ಅಂತ ಕೂಗಿದಳು. ಕೂಗಿದಷ್ಟೂ ಜನರ ಆವೇಶ ಏರಿತು. ಹುಡುಗರು ಮೇಜಿನತ್ತ ನುಗ್ಗಿದರು.

ಮೀಸೆ ಇನ್ನೂ ಸರಿಯಾಗಿ ಮೂಡದ ಒಬ್ಬ ಹುಡುಗ ವೇದಿಕೆ ಹತ್ತಿ ಬಂದು ಅವಳ ಚಾಚಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವಳು ಅವನ ಮುಖದ ಹತ್ತಿರ ಬಾಗಿ, "ಹೋಗಬೇಡ ಕಣೋ, ಮನೆಗೆ ಹೋಗು," ಅಂದಳು. ಅವನಿಗೆ ಕೊನೆಯ ಮಾತಷ್ಟೇ ಕೇಳಿರಬೇಕು.

"ಹೋಗ್ತೀನಮ್ಮ," ಅಂದ ಅವನು, ಮುಖ ಅರಳಿಸಿ. "ಖಂಡಿತ ಹೋಗ್ತೀನಿ."

ಅವಳ ಗಂಟಲು ಅಲ್ಲಿಗೆ ಬಿದ್ದುಹೋಯಿತು. ಇಬ್ಬರು ಅವಳನ್ನು ಮರ್ಯಾದೆಯಿಂದ ಹಿಡಿದು ಮೆಟ್ಟಿಲಿಳಿಸಿದರು. ಸಾಹೇಬ ದೂರದಿಂದಲೇ ತಲೆಬಾಗಿ ವಂದಿಸಿದ.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಕೂತಳು. ಅಳು ಬರಲಿಲ್ಲ. ಅತ್ತರೆ ಒಂದು ಸಮಾಧಾನವಾದರೂ ಆಗುತ್ತಿತ್ತು. ತನ್ನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಅದು ಯಾರದೋ ಕೈ ಎಂಬಂತೆ ನೋಡುತ್ತಾ ಕೂತಳು.

ಬಾಗಿಲು ಬಡಿದ ಸದ್ದಾಯಿತು. ಹಾಲಿನವಳು. ಕೈಯಲ್ಲಿ ಸಣ್ಣ ತಂಬಿಗೆ.

"ನಾನು ಮೈದಾನಕ್ಕೆ ಬಂದಿದ್ದೆ," ಅಂದಳು, ಒಳಗೆ ಬರದೆ. "ನಿನಗೆ ಉಗಿಯೋದಕ್ಕೆ ಅಂತ. ಮೆಟ್ಟಿಲ ಹತ್ತಿರಾನೇ ನಿಂತಿದ್ದೆ."

ಇಸ್ತ್ರಿಯಕ್ಕ ತನ್ನ ಗಂಟಲು ಮುಟ್ಟಿ ತೋರಿಸಿದಳು.

"ಕೇಳಿಸಿತು ನನಗೆ," ಅಂದಳು ಹಾಲಿನವಳು. "ಇಳಿ ಅಂದದ್ದು ಕೇಳಿಸಿತು. ಆ ಹುಡುಗನಿಗೆ ಹೇಳಿದ್ದೂ ಕೇಳಿಸಿತು." ಒಳಗೆ ಬಂದು ತಂಬಿಗೆಯನ್ನು ಒಲೆಯ ಪಕ್ಕ ಇಟ್ಟಳು. "ಹಾಲು ಬಿಸಿ ಮಾಡಿ ಕುಡಿ. ಗಂಟಲಿಗೆ ಒಳ್ಳೇದು. ನಾಳೆ ಅವರ ಮನೆ ಹಾಳು ಮಾಡೋಣ."

*

ಲಾಂಡ್ರಿಯಲ್ಲಿ ಬಟ್ಟೆ ಅದಲು ಬದಲಾಗದಿರಲಿ ಎಂದು ಪ್ರತಿಯೊಂದರ ಮೂಲೆಗೂ ಗುರುತು ಹಾಕುವ ಒಂದು ಕಪ್ಪು ಮಸಿ ಇರುತ್ತದೆ. ಎಷ್ಟು ಕುದಿಸಿದರೂ, ಯಾವ ಸೋಪು ಹಾಕಿದರೂ ಹೋಗುವುದಿಲ್ಲ. ಇಸ್ತ್ರಿಯಕ್ಕ ಎರಡು ಬಾಟಲಿಯನ್ನು ಏಪ್ರನ್ನಿನೊಳಗೆ ಇಟ್ಟುಕೊಂಡು ಬಂದಳು. ಕದಿಯುತ್ತಿದ್ದೇನೆ ಅಂತ ಅವಳಿಗೆ ಅನ್ನಿಸಲೂ ಇಲ್ಲ.

ಮರುದಿನ ಬೆಳಕು ಹರಿಯುವಾಗ ಹಾಲಿನವಳು ಎಂದಿನಂತೆ ತನ್ನ ತಳ್ಳುಗಾಡಿ ಹೊರಡಿಸಿದಳು, ಇಸ್ತ್ರಿಯಕ್ಕ ಜೊತೆಗೆ ನಡೆದಳು. ಹಾಲಿನ ಗಾಡಿಯನ್ನು ಯಾರು ಅನುಮಾನಿಸುತ್ತಾರೆ? ಟ್ರಾಮ್ ಶೆಡ್ಡಿನ ಗೋಡೆಯೇ ಮೊದಲನೆಯದು. ಇಸ್ತ್ರಿಯಕ್ಕ ಕುಂಚವನ್ನು ಮಸಿಯಲ್ಲಿ ಅದ್ದಿ, ನಗುವ ತುಟಿಗಳ ಮೇಲೆ ಒಂದು ಬಾಯಿ ಬರೆದಳು. ದೊಡ್ಡದು, ಕಪ್ಪನೆಯದು, ಗವಿಯ ಹಾಗೆ ತೆರೆದದ್ದು. ಅವಳಿಗೆ ಚಿತ್ರ ಬರೆದು ಗೊತ್ತಿಲ್ಲ. ಆದರೂ ಒಂದೇ ಬಾಯಿಯಿಂದ ಇಡೀ ಚಿತ್ರ ಬೇರೆಯಾಯಿತು. ಕೈ ಮತ್ತೆ ಕರೆಯತೊಡಗಿತು. ಹಾಲಿನವಳು ಬಾಗಿ, ಕೆಂಪಕ್ಷರದ "ಹೋಗು" ಎಂಬುದನ್ನು ಹೊಡೆದು ಹಾಕಿ ಮೇಲೆ "ಇಳಿ" ಎಂದು ಬರೆದಳು. "ನಾನು ಅಳುವುದಿಲ್ಲ" ಎಂಬುದರ ಮುಂದೆ ನಿಂತು ಸ್ವಲ್ಪ ಯೋಚಿಸಿದಳು.

"ಇದನ್ನ ಏನು ಮಾಡೋಣ?"

"ಪೂರ್ತಿ ಬಳಿ."

ಶಾಲೆಯ ಗೇಟು, ಬೇಕರಿಯ ಕಿಟಕಿ, ಕಕ್ಕಸ್ಸಿನ ಗೋಡೆ. ಬೇಕರಿಯವನು ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನೋಡಿದ. ಹಾಲಿನವಳು ಅವನತ್ತ ತಿರುಗಿ, "ಏನು ನೋಡ್ತಿದ್ದೀಯಾ, ನಿನಗೂ ಬಳೀಬೇಕಾ?" ಅಂದಳು. ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಬ್ಯಾಂಕಿನ ಮೂಲೆಯಲ್ಲಿ ಪೊಲೀಸಿನವನ ಸೀಟಿ ಕೇಳಿತು. ಇಬ್ಬರೂ ಓಡಲಿಲ್ಲ. ಆ ಕೊನೆಯ ಬಾಯಿಯನ್ನು ಪೂರ್ತಿ ಮಾಡುವವರೆಗೆ ಪೊಲೀಸಿನವನು ಪಾಪ ಪಕ್ಕದಲ್ಲಿ ನಿಂತೇ ಇದ್ದ. ಗೋಡೆಯ ಮೇಲಿದ್ದವಳೂ ಎದುರಿಗಿದ್ದವಳೂ ಒಬ್ಬಳೇ ಎಂದು ತಿಳಿದು, ಯಾರ ಮೇಲೆ ಕೈ ಹಾಕಬೇಕೆಂದು ಅವನಿಗೆ ತೋಚಿರಲಿಲ್ಲ.

ಠಾಣೆಗೆ ಸಾಹೇಬನೇ ಬಂದ. ಈ ಸಲ ಕುರ್ಚಿಯೂ ಇಲ್ಲ, ಚಹಾವೂ ಇಲ್ಲ.

"ಸರ್ಕಾರದ ಆಸ್ತಿ ಹಾಳು ಮಾಡಿದ್ದೀರಿ."

"ಮುಖ ನನ್ನದು," ಅಂದಳು ಇಸ್ತ್ರಿಯಕ್ಕ. ಗಂಟಲು ಇನ್ನೂ ಒಡೆದೇ ಇತ್ತು. "ನನ್ನ ಬಾಯಿ ನಾನು ಹಾಕ್ಕೊಂಡೆ."

"ಯುದ್ಧಕಾಲದಲ್ಲಿ ಇದಕ್ಕೆ ಏನು ಶಿಕ್ಷೆ ಗೊತ್ತಾ?"

"ನಿಮ್ಮನ್ನ ಯುದ್ಧಕ್ಕೆ ಕಳಿಸ್ತಾರಾ?" ಎಂದು ಕೇಳಿದಳು ಹಾಲಿನವಳು, ನಿಜವಾಗಿಯೂ ತಿಳಿಯಬೇಕೆಂಬಂತೆ.

ಶಿಕ್ಷೆಯೇನೋ ಆಯಿತು. ಪೋಸ್ಟರಿನ ತಾಯಿಯನ್ನು ಕೋರ್ಟಿಗೆ ತಂದು ಊರಿನೆದುರು ನಿಲ್ಲಿಸಿದರೆ ತನಗೇ ನಷ್ಟ ಎಂದು ಸಾಹೇಬನಿಗೆ ಗೊತ್ತಿದ್ದರಿಂದ ಸದ್ದಿಲ್ಲದೆ ಕೆಲವು ವಾರ ಒಳಗಿಟ್ಟು ಬಿಟ್ಟರು. ಹೊರಗೆ ಬಂದಾಗ ಇಸ್ತ್ರಿಯಕ್ಕನ ಕೆಲಸ ಹೋಗಿತ್ತು. ಮರ್ಯಾದೆ ತಂದೆಯಮ್ಮ ಎಂದು ಕೈ ಮುಗಿದಿದ್ದ ಮಾಲೀಕ ಈಗ ಗಾಜಿನ ಕೋಣೆಯಿಂದ ಇಳಿಯಲೇ ಇಲ್ಲ. ಅವಳು ಹಾಲಿನವಳ ಜೊತೆ ಗಾಡಿ ತಳ್ಳತೊಡಗಿದಳು.

ಅವರು ಮಸಿ ಬಳಿದದ್ದರಿಂದ ಭರ್ತಿ ಕಚೇರಿಯ ಸಾಲು ಕರಗಿಹೋಯಿತು ಎಂದರೆ ಸುಳ್ಳಾದೀತು. ಆದರೆ ಆ ಪೋಸ್ಟರು ಕೆಲಸಕ್ಕೆ ಬಾರದಾಯಿತು. ಹೊಸ ಪ್ರತಿ ಅಂಟಿಸಿದರೆ ಯಾರೋ ಇದ್ದಿಲಿನಲ್ಲಿ ಬಾಯಿ ಬರೆಯುತ್ತಿದ್ದರು. ಶಾಲೆಯ ಗೇಟಿನ ಮೇಲೆ ಬರೆದವರು ಯಾರೋ, ಬೇಕರಿಯ ಕಿಟಕಿಯ ಮೇಲೆ ಬರೆದವರು ಯಾರೋ. ಕೊನೆಗೆ ಕಚೇರಿಯವರೇ ಎಲ್ಲವನ್ನೂ ಕೆರೆದು ತೆಗೆದರು.

*

ಕಡ್ಡಿ ಸತ್ತ ಸುದ್ದಿ ಚಳಿಗಾಲದಲ್ಲಿ ಬಂತು. ಸೈನ್ಯದವರಿಬ್ಬರು ಬಂದು ಹಾಲಿನವಳ ಹೊಸ್ತಿಲಲ್ಲೇ ನಿಂತು, ಪಾಠ ಒಪ್ಪಿಸಿದಂತೆ ಹೇಳಿ ಹೋದರು. ಎಲ್ಲಿ, ಹೇಗೆ ಎಂದು ಕೇಳಿದರೆ ವೀರನಾಗಿ ಅಂದರು. ಹಾಲಿನವಳು ಅವತ್ತು ಸಂಜೆಯೂ ಹಾಲು ಕರೆಯಲು ಕೂತಳು. ಬೇಡ ಬಿಡು, ನಾನು ಕರೀತೀನಿ ಅಂತ ಇಸ್ತ್ರಿಯಕ್ಕ ಅಂದರೆ, "ಹಸುವಿಗೇನು ಗೊತ್ತು, ಕೆಚ್ಚಲು ತುಂಬಿದೆ," ಅಂದಳು. ಹಣೆಯನ್ನು ಹಸುವಿನ ಪಕ್ಕೆಗೆ ಒತ್ತಿಕೊಂಡು ಬಹಳ ಹೊತ್ತು ಕರೆದಳು. ಇಸ್ತ್ರಿಯಕ್ಕ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. ಬೇಕರಿಗೆ ಹೋಗುವಾಗೆಲ್ಲ ನೀವು ನನಗೇ ಹೇಳುತ್ತಿದ್ದಿರಿ ಎಂದಿದ್ದನಲ್ಲ, ಆ ಮಾತು ಅವಳನ್ನು ಬಿಡಲಿಲ್ಲ.

ಇಸ್ತ್ರಿಯಕ್ಕನ ಮಗ ಬಂದ. ಆಸ್ಪತ್ರೆಯ ರೈಲುಗಳು ಸ್ಟೇಷನ್ನಿಗೆ ಬರುತ್ತಿರಲಿಲ್ಲ. ಹೊರಡುವ ಹುಡುಗರ ಕಣ್ಣಿಗೆ ಬೀಳಬಾರದೆಂದು ಹಿಂದಿನ ಗೂಡ್ಸ್ ಶೆಡ್ಡಿಗೆ ತರುತ್ತಿದ್ದರು. ಕಲ್ಲಿದ್ದಲ ರಾಶಿಯ ನಡುವೆ ಸ್ಟ್ರೆಚರುಗಳನ್ನು ಸಾಲಾಗಿ ಇಡುತ್ತಿದ್ದರು. ಅಲ್ಲಿ ಅವಳು ಮೊದಲು ಗುರುತಿಸಿದ್ದು ಆ ಕಿವಿಗಳನ್ನು. ಎಡಗಾಲು ಮಂಡಿಯವರೆಗೆ ಮಾತ್ರ ಇತ್ತು.

"ಗುಂಡು ಹೊಡೀತಾ?" ಎಂದು ಕೇಳಿದಳು, ಬೇರೇನೂ ಬಾಯಿಗೆ ಬರದೆ.

"ಗುಂಡೂ ಇಲ್ಲ, ಬಾಂಬೂ ಇಲ್ಲ. ಬೂಟಮ್ಮ. ಪೋಸ್ಟರಿನಲ್ಲಿ ಹೊಳೀತಿತ್ತಲ್ಲ, ಅಂಥದ್ದೇ ಬೂಟು. ನೀರು ಒಳಗೆ ಬರ್ತಿತ್ತು, ಹೊರಗೆ ಹೋಗ್ತಿರಲಿಲ್ಲ. ಕೆಸರಲ್ಲಿ ನಿಂತೂ ನಿಂತೂ ಕಾಲು ಕೊಳೀತು." ಅವನು ಬಿಳಚಿದ ಮುಖದಲ್ಲಿ ಸ್ವಲ್ಪ ನಕ್ಕ. "ನಾನು ಒಬ್ಬನ್ನೂ ಕೊಲ್ಲಲಿಲ್ಲ. ಹೇನು ಮಾತ್ರ ಲೆಕ್ಕವಿಲ್ಲದಷ್ಟು ಕೊಂದೆ."

"ಹಾಗಾದ್ರೆ ಪೋಸ್ಟರು ನೀನೂ ನೋಡಿದೆಯಾ?"

"ಅಲ್ಲಿಗೂ ತಂದು ಹಚ್ಚಿದ್ರು. ಹುಡುಗರು ನಿಮ್ಮಮ್ಮ ನಿಮ್ಮಮ್ಮ ಅಂತ ರೇಗಿಸ್ತಿದ್ರು."

ಅವಳು ಅವನ ಕೈ ಹಿಡಿದುಕೊಂಡಳು. "ನಾನು ಹಾಗೆ ಹೇಳಲಿಲ್ಲ ಕಣೋ."

"ಗೊತ್ತಮ್ಮ. ನಾನೂ ಅವರಿಗೆ ಅದನ್ನೇ ಹೇಳಿದೆ. ಇದು ನಮ್ಮಮ್ಮ ಅಲ್ಲವೇ ಅಲ್ಲ, ನಮ್ಮಮ್ಮ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರೋದನ್ನ ನಾನು ಹುಟ್ಟಿದಾಗಿಂದ ನೋಡಿಲ್ಲ ಅಂತ."

ಇಸ್ತ್ರಿಯಕ್ಕ ಅಲ್ಲೇ ಕಲ್ಲಿದ್ದಲ ಪುಡಿಯ ಮೇಲೆ ಕುಸಿದು ಕೂತು ಅತ್ತಳು. ಅತ್ತು ಮುಗಿಸಿ, ಮೂಗೊರೆಸಿಕೊಂಡು, ಹೇಳದೆ ಕೇಳದೆ ಸಹಿ ಹಾಕಿ ಬಂದದ್ದಕ್ಕೆ ಅವನನ್ನು ಬಾಯಿಗೆ ಬಂದಂತೆ ಬೈದಳು. ಸ್ಟ್ರೆಚರಿನ ಸಾಲಲ್ಲಿದ್ದವರೆಲ್ಲ ಕತ್ತು ತಿರುಗಿಸಿ ಕೇಳಿದರು. ಅವನು ಕಣ್ಣು ಮುಚ್ಚಿಕೊಂಡು, ಬಿಸಿಲು ಕಾಯಿಸುವವನ ಹಾಗೆ ಬೈಸಿಕೊಂಡ.

ಯುದ್ಧ ಮುಗಿದಿರಲಿಲ್ಲ. ಗೋಡೆಗಳು ಬಹಳ ದಿನ ಖಾಲಿ ಇರಲಿಲ್ಲ. ಒಂದು ಬೆಳಿಗ್ಗೆ ಇಬ್ಬರೂ ಗಾಡಿ ತಳ್ಳಿಕೊಂಡು ಹೋಗುವಾಗ ಟ್ರಾಮ್ ಶೆಡ್ಡಿನ ಗೋಡೆಯ ಮೇಲೆ ಹೊಸ ಪೋಸ್ಟರು. ಈ ಸಲ ಒಬ್ಬಳು ಎಳೆ ಹುಡುಗಿ, ಸೊಂಟದಲ್ಲಿ ಕೂಸು, ಕಿಟಕಿಯಿಂದ ಕೈ ಬೀಸುತ್ತಾ ನಗುತ್ತಿದ್ದಾಳೆ. ಕೆಳಗೆ ಬರೆದಿತ್ತು: ಅವರು ಅಲ್ಲಿದ್ದಾರೆ, ನಾವು ನೆಮ್ಮದಿಯಾಗಿದ್ದೇವೆ.

"ಈ ಹುಡುಗೀನ ಎಲ್ಲೋ ನೋಡಿದ್ದೀನಿ," ಅಂದಳು ಹಾಲಿನವಳು. ಯೋಚಿಸಿ ಯೋಚಿಸಿ ನೆನಪು ಮಾಡಿಕೊಂಡಳು. ಕೆರೆಯ ಕಡೆಯ ಬೀದಿಯಲ್ಲಿ ಗುಂಡಿ, ದಾರ, ಸೂಜಿ ಮಾರುವ ಅಂಗಡಿಯ ಮೇಲಿನ ಮನೆ. ಮೊದಲು ದಿನವೂ ಹಾಲು ಹಾಕಿಸಿಕೊಳ್ಳುತ್ತಿದ್ದಳು, ಈಚೆಗೆ ಕೂಸಿಗೆ ಮಾತ್ರ ಸ್ವಲ್ಪ.

"ನೆಮ್ಮದಿಯಂತೆ," ಅಂದಳು ಇಸ್ತ್ರಿಯಕ್ಕ. "ಗಾಡಿ ಆ ಕಡೆ ತಿರುಗಿಸು."

ಅಂಗಡಿಯ ಪಕ್ಕದ ಇಕ್ಕಟ್ಟಿನ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದರು. ಒಳಗೆ ಕೂಸು ಅಳುತ್ತಿತ್ತು. ಬಾಗಿಲು ಅರ್ಧ ತೆರೆಯಿತು. ಹುಡುಗಿ ಒಲೆ ಕೆದಕುವ ಕಬ್ಬಿಣದ ಸಲಾಕೆ ಹಿಡಿದು ನಿಂತಿದ್ದಳು. ಬಾಗಿಲ ಹಲಗೆಯ ಮೇಲೆ ಯಾರೋ ಎಸೆದ ಮೊಟ್ಟೆ ಒಣಗಿ ಅಂಟಿಕೊಂಡಿತ್ತು.

"ನೀವೂ ಬೈಯೋದಕ್ಕೆ ಬಂದಿದ್ದರೆ ತಲೆ ಒಡೀತೀನಿ," ಅಂದಳು.

"ಬೈಯೋದಕ್ಕೇ ಬಂದಿದ್ದೀವಿ," ಅಂದಳು ಇಸ್ತ್ರಿಯಕ್ಕ. "ನಿನ್ನನ್ನಲ್ಲ. ಒಳಗೆ ಕರಿ, ಕೂತು ಮಾತಾಡೋಣ."

ಹುಡುಗಿ ಇಬ್ಬರ ಮುಖವನ್ನೂ ನೋಡಿದಳು. ಸ್ವಲ್ಪ ಹೊತ್ತು ಸಲಾಕೆ ಇಳಿಸಲಿಲ್ಲ. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಹಾಲಿನವಳು ಕ್ಯಾನನ್ನು ಎತ್ತಿಕೊಂಡು, ಮೊದಲು ಆ ಕೂಸಿಗೆ ಏನಾದರೂ ಕುಡಿಸಬೇಕು ಎಂದು ಹೇಳುತ್ತಾ ಒಳಗೆ ನಡೆದಳು.